ಒಂದನೇ ನಂಬರ್ ಇಲ್ಲದ ಸೀಸನ್

1994ರ ಫಾರ್ಮುಲಾ ವನ್ ಸೀಸನ್‌ನಲ್ಲಿ ಒಂದನೇ ನಂಬರಿನ ಕಾರೇ ಇರಲಿಲ್ಲ. ಆಗ ಆ ನಂಬರ್ ಹಾಲಿ ಚಾಂಪಿಯನ್‌ಗೆ ಮೀಸಲು. 1993ರ ಚಾಂಪಿಯನ್ ಅಲೈನ್ ಪ್ರಾಸ್ಟ್ ತಮ್ಮ ನಾಲ್ಕನೇ ಪಟ್ಟ ಗೆದ್ದು ನಿವೃತ್ತರಾಗಿಬಿಟ್ಟಿದ್ದರು. ಹಾಗಾಗಿ ಅವರ ವಿಲಿಯಮ್ಸ್ ತಂಡಕ್ಕೆ ಸಿಕ್ಕಿದ್ದು ಸೊನ್ನೆ ಮತ್ತು ಎರಡು. ಎರಡನ್ನು ಐರ್ಟನ್ ಸೆನ್ನಾ ತೆಗೆದುಕೊಂಡರು. ಸೊನ್ನೆ ಡೇಮನ್ ಹಿಲ್ ಅವರ ಕಾರಿಗೆ ಅಂಟಿತು.

ಪ್ರಾಸ್ಟ್ ಒಬ್ಬರೇ ಹೋದದ್ದಲ್ಲ. ಮೂರು ಸಲ ಚಾಂಪಿಯನ್ ಆಗಿದ್ದ ನೆಲ್ಸನ್ ಪಿಕೆ 1991ರಲ್ಲೇ ಬಿಟ್ಟಿದ್ದರು. ನೈಜೆಲ್ ಮ್ಯಾನ್ಸೆಲ್ 1992ರಲ್ಲಿ ಪಟ್ಟ ಗೆದ್ದು, ಅಮೆರಿಕದ ಇಂಡಿಕಾರ್ ರೇಸ್ ಸರಣಿಗೆ ಹೋಗಿದ್ದರು. 256 ರೇಸ್ ಓಡಿಸಿದ್ದ ರಿಕಾರ್ಡೊ ಪತ್ರೆಸೆ ಕೂಡ 1993ರ ಕೊನೆಗೆ ಹೊರಟರು. 1994ರ ಮಾರ್ಚ್‌ನಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಕಾರುಗಳು ಸಾಲಾಗಿ ನಿಂತಾಗ ಅಲ್ಲಿದ್ದ ವಿಶ್ವ ಚಾಂಪಿಯನ್ ಒಬ್ಬರೇ, ಸೆನ್ನಾ. ವಯಸ್ಸು 34. ಸುತ್ತಲೂ ಹುಡುಗರು. ಮೈಕೆಲ್ ಶುಮಾಕರ್‌ಗೆ 25, ಮಿಕಾ ಹಕ್ಕಿನೆನ್‌ಗೂ 25, ರುಬೆನ್ಸ್ ಬಾರಿಕೆಲ್ಲೋಗೆ 21.

ಮುಂದೇನು ಅಂತ ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದರು. ಒಳ್ಳೆಯ ಕಾರು ಸಿಕ್ಕಿದ ಸೆನ್ನಾ ಇನ್ನೊಂದೆರಡು ವರ್ಷ ಗೆಲ್ಲುತ್ತಾರೆ. ಶುಮಾಕರ್ ಬೆನ್ನು ಹತ್ತುತ್ತಾರೆ. ಒಂದು ದಿನ ಹಿಂದೆ ಹಾಕುತ್ತಾರೆ. ಆ ದಿನ ಪಟ್ಟ ಕೈ ಬದಲಾಗುತ್ತದೆ.

ಆ ದಿನ ಬರಲೇ ಇಲ್ಲ. ನನಗೆ 1994 ಬಿಡದೆ ಕಾಡುವುದು ಇದೇ ಕಾರಣಕ್ಕೆ.

ನಾನು ಈ ಆಟಕ್ಕೆ ಬಂದದ್ದು ತೊಂಬತ್ತರ ದಶಕದ ಕೊನೆಗೆ, ಕೇಬಲ್ ಟಿವಿಯಲ್ಲಿ. ಆಗ ಶುಮಾಕರ್ ಕೆಂಪು ಫೆರಾರಿಯವರು. ಅವರಿಗೆ ಎದುರಾಳಿ ಎಂದರೆ ಮೆಕ್‌ಲಾರೆನ್‌ನ ಹಕ್ಕಿನೆನ್. ನನ್ನ ಪಾಲಿಗೆ ಇತಿಹಾಸ ಅಲ್ಲಿಂದಲೇ ಶುರು. ಸೆನ್ನಾ ಗೋಡೆಯ ಮೇಲಿನ ಒಂದು ಹಳದಿ ಹೆಲ್ಮೆಟ್ಟಿನ ಚಿತ್ರ ಅಷ್ಟೆ. ಆಮೇಲೆ ಹಳೆಯ ರೇಸ್‌ಗಳ ರೆಕಾರ್ಡಿಂಗ್ ನೋಡತೊಡಗಿದಾಗ 1994ರ ಹದಿನಾರು ರೇಸ್‌ಗಳನ್ನು ಸಾಲಾಗಿ ನೋಡಿದೆ. ನಾನು ಮೆಚ್ಚಿದ ಶುಮಾಕರ್ ಎಂಥ ವರ್ಷದಿಂದ ಎದ್ದು ಬಂದವರು ಅಂತ ಆಗಲೇ ತಿಳಿದದ್ದು.

ನಮ್ಮ ಕ್ರಿಕೆಟ್‌ನಲ್ಲಿ ಪ್ರಸನ್ನ, ಚಂದ್ರಶೇಖರ್ ಹೋದರು, ಕುಂಬ್ಳೆ ಬಂದರು. ಕುಂಬ್ಳೆ ದೊಡ್ಡವರಾಗಲು ಚಂದ್ರಶೇಖರ್ ಅವರನ್ನು ಸೋಲಿಸಬೇಕಿರಲಿಲ್ಲ. ಒಂದೇ ರಾಜ್ಯ, ಒಂದೇ ದೇಶ, ಒಂದೇ ಟೋಪಿ. ರೇಸಿಂಗ್ ಹಾಗಲ್ಲ. ಇಲ್ಲಿ ಹೊಸಬ ಹಳಬನನ್ನು ಅದೇ ಟ್ರ್ಯಾಕಿನಲ್ಲಿ, ಅದೇ ದಿನ, ಕಣ್ಣೆದುರಿಗೆ ದಾಟಿ ಹೋಗಬೇಕು. ಅದಾಗದಿದ್ದರೆ ಏನೋ ಒಂದು ಬಾಕಿ ಉಳಿದುಬಿಡುತ್ತದೆ.

ಕಾರುಗಳ ಬಗ್ಗೆ ಸ್ವಲ್ಪ ಹೇಳಬೇಕು. ಆ ವರ್ಷ ಎಲೆಕ್ಟ್ರಾನಿಕ್ ಸಹಾಯಗಳನ್ನೆಲ್ಲ ನಿಷೇಧಿಸಿದರು. ಕಾರಿನ ಏರಿಳಿತವನ್ನು ಕಂಪ್ಯೂಟರ್ ಹಿಡಿತದಲ್ಲಿಡುವ ಆ್ಯಕ್ಟಿವ್ ಸಸ್ಪೆನ್ಷನ್ ಇಲ್ಲ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಎಬಿಎಸ್ ಇಲ್ಲ. ರೇಸ್ ನಡುವೆ ಪೆಟ್ರೋಲ್ ತುಂಬಿಸುವುದಕ್ಕೆ ಮತ್ತೆ ಅನುಮತಿ ಕೊಟ್ಟರು. ಓಡಿಸುವವನ ಕೈಚಳಕವೇ ಮುಖ್ಯವಾಗಲಿ ಎನ್ನುವುದು ಉದ್ದೇಶ. ಆದರೆ ವೇಗ ಹಾಗೇ ಉಳಿಯಿತು, ಹಿಡಿತ ಮಾತ್ರ ಹೋಯಿತು. ಎಲ್ಲರಿಗಿಂತ ಜಾಸ್ತಿ ಪೆಟ್ಟು ಬಿದ್ದದ್ದು ಆ ತಂತ್ರದಲ್ಲಿ ಮುಂದಿದ್ದ ವಿಲಿಯಮ್ಸ್‌ಗೆ. ಅವರ ಹೊಸ ಕಾರು ಎಫ್‌ಡಬ್ಲ್ಯೂ16 ಯಾವಾಗ ಹೇಗೆ ವರ್ತಿಸುತ್ತದೆ ಅಂತ ಹೇಳಲಾಗುತ್ತಿರಲಿಲ್ಲ. ಅದರ ಗಾಳಿಯ ಲೆಕ್ಕಾಚಾರ ಸರಿಯಿರಲಿಲ್ಲ ಎಂದು ವಿನ್ಯಾಸಕ ಏಡ್ರಿಯನ್ ನ್ಯೂಯಿ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಅಂಥ ಕಾರಿನಲ್ಲೂ ಸೆನ್ನಾ ಮೊದಲ ಮೂರು ರೇಸ್‌ಗಳಿಗೆ ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಪಡೆದರು. ಮೂರರಿಂದ ಸಿಕ್ಕ ಅಂಕ ಸೊನ್ನೆ. ತಮ್ಮ ಊರಾದ ಸಾವೊ ಪಾವ್ಲೊದಲ್ಲಿ, ಪಿಟ್ ಸ್ಟಾಪ್‌ನಲ್ಲಿ ಮುಂದೆ ಹೋದ ಶುಮಾಕರ್ ಅವರನ್ನು ಅಟ್ಟಿಸಿಕೊಂಡು ಹೋಗುವಾಗ ಗಿರಕಿ ಹೊಡೆದು ನಿಂತರು. ಶುಮಾಕರ್ ಉಳಿದ ಎಲ್ಲರಿಗಿಂತ ಒಂದು ಲ್ಯಾಪ್ ಮುಂದೆ ಮುಗಿಸಿದರು. ಜಪಾನಿನ ಐದಾದಲ್ಲಿ ಮೊದಲ ತಿರುವಿನಲ್ಲೇ ಹಕ್ಕಿನೆನ್ ಹಿಂದಿನಿಂದ ಗುದ್ದಿದರು. ಸೆನ್ನಾ ಟ್ರ್ಯಾಕಿನ ಪಕ್ಕದಲ್ಲಿ ನಿಂತು ಶುಮಾಕರ್ ಅವರ ಬೆನೆಟನ್ ಕಾರಿನ ಸದ್ದನ್ನೇ ಕಿವಿಗೊಟ್ಟು ಕೇಳಿದರಂತೆ. ಅದರಲ್ಲಿ ನಿಷೇಧಿತ ಟ್ರ್ಯಾಕ್ಷನ್ ಕಂಟ್ರೋಲ್ ಇದೆ ಎಂಬ ಅನುಮಾನ ಅವರಿಗೆ. ಆಮೇಲೆ ನಡೆದ ತನಿಖೆಯಲ್ಲಿ ಬೆನೆಟನ್ ಕಂಪ್ಯೂಟರಿನಲ್ಲಿ ರೇಸ್ ಶುರುವಿನಲ್ಲಿ ಕಾರು ಹೊರಡಲು ನೆರವಾಗುವ ಲಾಂಚ್ ಕಂಟ್ರೋಲ್ ಪ್ರೋಗ್ರಾಂ ಸಿಕ್ಕಿತು. ಅದನ್ನು ರೇಸ್‌ನಲ್ಲಿ ಬಳಸಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಈ ವಾದ ಅಭಿಮಾನಿಗಳ ನಡುವೆ ಇವತ್ತಿಗೂ ಮುಗಿದಿಲ್ಲ.

ಈಗ ಮೂರು ಜನ್ಮದಿನಗಳ ವಿಷಯ. ಸೆನ್ನಾ ಹುಟ್ಟಿದ್ದು 1960ರ ಮಾರ್ಚ್‌ನಲ್ಲಿ. ಡೇಮನ್ ಹಿಲ್ ಹುಟ್ಟಿದ್ದು 1960ರ ಸೆಪ್ಟೆಂಬರ್‌ನಲ್ಲಿ. ಅವರಿಬ್ಬರ ನಡುವೆ, 1960ರ ಜುಲೈನಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್ ಹುಟ್ಟಿದರು. ಒಂದೇ ವರ್ಷದ ಮೂವರು. ಒಬ್ಬರು ಮೂರು ಸಲ ಚಾಂಪಿಯನ್. ಒಬ್ಬರು ಮೊನ್ನೆ ಮೊನ್ನೆ ದೊಡ್ಡ ತಂಡಕ್ಕೆ ಬಂದವರು. ಇನ್ನೊಬ್ಬರು ಸಿಮ್‌ಟೆಕ್ ಎಂಬ ಪುಟ್ಟ ಹೊಸ ತಂಡದಲ್ಲಿ ಐದೇ ಐದು ರೇಸ್‌ಗಳಿಗೆ ಹೇಗೋ ಸೀಟು ಹೊಂದಿಸಿಕೊಂಡವರು. ರಾಟ್ಜೆನ್‌ಬರ್ಗರ್ ವರ್ಷಗಟ್ಟಲೆ ಜಪಾನಿನಲ್ಲಿ ರೇಸ್ ಓಡಿಸಿ, ಲೆ ಮಾನ್‌ನಲ್ಲಿ ತಮ್ಮ ವಿಭಾಗ ಗೆದ್ದು, 33ನೇ ವಯಸ್ಸಿನಲ್ಲಿ ಫಾರ್ಮುಲಾ ವನ್ ತಲುಪಿದ್ದರು. ಅವಕಾಶ ತಪ್ಪದಿರಲಿ ಎಂದು ವಯಸ್ಸನ್ನು ಎರಡು ವರ್ಷ ಕಡಿಮೆ ಹೇಳಿಕೊಂಡಿದ್ದರು. ಹೊಸ ಪೀಳಿಗೆ, ಹಳೆ ಪೀಳಿಗೆ ಅಂತ ನಾವು ಸುಲಭವಾಗಿ ಮಾತಾಡುತ್ತೇವಲ್ಲ, ಇವರನ್ನು ಯಾವ ಗುಂಪಿಗೆ ಸೇರಿಸುವುದು? ಜೀವನವಿಡೀ ಬಾಗಿಲು ತಟ್ಟಿ, ತೆರೆದಾಗ ಹೊಸಬರು ಅನ್ನಿಸಿಕೊಂಡವರು.

ಮೂರನೇ ರೇಸ್, ಇಟಲಿಯ ಇಮೊಲಾ. ಏಪ್ರಿಲ್ 29, ಶುಕ್ರವಾರ. ಬಾರಿಕೆಲ್ಲೋ ಅವರ ಜೋರ್ಡನ್ ಕಾರು ವರಿಯಾಂತೆ ಬಾಸ್ಸಾ ತಿರುವಿನಲ್ಲಿ ಹಾರಿ ಬೇಲಿಗೆ ಅಪ್ಪಳಿಸಿತು. ವೈದ್ಯರು ತಕ್ಷಣ ಬಂದು ಉಳಿಸಿಕೊಂಡರು. ಕಣ್ಣು ಬಿಟ್ಟಾಗ ಎದುರು ಸೆನ್ನಾ ಇದ್ದರು ಎಂದು ಬಾರಿಕೆಲ್ಲೋ ಹೇಳಿದ್ದಾರೆ. ಶನಿವಾರ ಅರ್ಹತಾ ಸುತ್ತಿನಲ್ಲಿ ರಾಟ್ಜೆನ್‌ಬರ್ಗರ್ ಅವರ ಕಾರಿನ ಮುಂದಿನ ರೆಕ್ಕೆ ಮುರಿಯಿತು. ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಕಾರು ವಿಲ್ನೋವ್ ತಿರುವಿನ ಗೋಡೆಗೆ ಬಡಿಯಿತು. ಅವರು ಉಳಿಯಲಿಲ್ಲ. ಅದು ಅವರ ಮೂರನೇ ರೇಸ್ ವಾರಾಂತ್ಯ. ಗ್ರಾನ್ ಪ್ರೀ ವಾರಾಂತ್ಯದಲ್ಲಿ ಚಾಲಕರೊಬ್ಬರು ಸತ್ತು ಹನ್ನೆರಡು ವರ್ಷವಾಗಿತ್ತು. ಅಲ್ಲಿದ್ದ ಹುಡುಗರಲ್ಲಿ ಹೆಚ್ಚಿನವರು ಅಂಥದ್ದನ್ನು ಈ ಮಟ್ಟದ ರೇಸಿಂಗ್‌ನಲ್ಲಿ ಕಂಡವರೇ ಅಲ್ಲ.

ಸೆನ್ನಾ ಅಧಿಕಾರಿಗಳ ಕಾರು ಹತ್ತಿ ಅಪಘಾತದ ಜಾಗಕ್ಕೆ ಹೋದರು. ವೈದ್ಯ ಸಿಡ್ ವಾಟ್ಕಿನ್ಸ್ ಅವರ ಹೆಗಲ ಮೇಲೆ ಅತ್ತರು. ಇನ್ನು ಸಾಕು, ಬಿಟ್ಟುಬಿಡು, ಇಬ್ಬರೂ ಮೀನು ಹಿಡಿಯಲು ಹೋಗೋಣ ಎಂದು ವಾಟ್ಕಿನ್ಸ್ ಹೇಳಿದರು. ತನ್ನಿಂದ ಬಿಡಲಾಗದು ಎಂದರು ಸೆನ್ನಾ. ಭಾನುವಾರ ಬೆಳಿಗ್ಗೆ ಫ್ರೆಂಚ್ ಟಿವಿಗಾಗಿ ಕಾರಿನೊಳಗಿಂದ ಮಾತಾಡುತ್ತ, ಗೆಳೆಯ ಅಲೈನ್‌ಗೆ ನಮಸ್ಕಾರ, ನೀನಿಲ್ಲದೆ ಬೇಜಾರು ಅನ್ನುವ ಅರ್ಥದ ಮಾತು ಹೇಳಿದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪ್ರಾಸ್ಟ್ ಅವರಿಗೆ! ತನ್ನನ್ನು ಸರಿಯಾಗಿ ಬಲ್ಲ ಎದುರಾಳಿ ಹೋದ ಮೇಲೆ ಅವರು ಎಷ್ಟು ಒಂಟಿಯಾಗಿದ್ದರು ಅಂತ ನನಗೆ ಆ ಒಂದು ಮಾತಿನಲ್ಲಿ ಕೇಳುತ್ತದೆ.

ರೇಸ್ ಶುರುವಾದ ಕೂಡಲೇ ಹಿಂದೆ ಡಿಕ್ಕಿ. ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರು ಬಂತು, ಹೋಯಿತು. ಏಳನೇ ಲ್ಯಾಪಿನಲ್ಲಿ ಸೆನ್ನಾ ಮುಂದೆ, ಬೆನ್ನಿಗೇ ಶುಮಾಕರ್. ತಂಬುರೆಲ್ಲೊ ತಿರುವಿನಲ್ಲಿ ವಿಲಿಯಮ್ಸ್ ಕಾರು ತಿರುಗದೆ ನೇರ ಗೋಡೆಗೆ ಹೋಯಿತು. ಸಸ್ಪೆನ್ಷನ್ನಿನ ತುಂಡೊಂದು ಹೆಲ್ಮೆಟ್ ಸೀಳಿತ್ತು. ಸ್ಟಿಯರಿಂಗ್ ಕಾಲಂ ಮುರಿಯಿತೋ, ಟೈರಿನ ಒತ್ತಡ ಇಳಿದು ಕಾರಿನ ತಳ ನೆಲಕ್ಕೆ ಬಡಿಯಿತೋ ಎಂಬ ವಾದ ಇಟಲಿಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. ರೇಸ್ ನಿಲ್ಲಿಸಿ, ಮತ್ತೆ ಶುರು ಮಾಡಿದರು. ಶುಮಾಕರ್ ಗೆದ್ದರು. ಹಿಲ್ ಅದೇ ಮಾದರಿಯ ಇನ್ನೊಂದು ಕಾರನ್ನು ಅದೇ ತಿರುವಿನಲ್ಲಿ ಮತ್ತೆ ಮತ್ತೆ ಓಡಿಸಿ ಆರನೆಯವರಾಗಿ ಮುಗಿಸಿದರು. ಕಾರಿನಲ್ಲಿ ಏನಾದರೂ ಮುರಿಯಬಹುದೇ ಎಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಧೈರ್ಯ ಅದು. ಅದರ ಬಗ್ಗೆ ಯಾರೂ ಸಾಕಷ್ಟು ಹೇಳಿಲ್ಲ ಅನ್ನಿಸುತ್ತದೆ.

ಸೆನ್ನಾ ಅವರ ಕಾರಿನಲ್ಲಿ ಆಸ್ಟ್ರಿಯಾದ ಬಾವುಟ ಸಿಕ್ಕಿತು. ಗೆದ್ದರೆ ರಾಟ್ಜೆನ್‌ಬರ್ಗರ್ ನೆನಪಿಗೆ ಬೀಸಲು ಇಟ್ಟುಕೊಂಡಿದ್ದರು. ಬ್ರೆಜಿಲ್ ಮೂರು ದಿನ ಶೋಕ ಆಚರಿಸಿತು. ಪ್ರಾಸ್ಟ್ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಆದರೆ ಈ ಆಟವನ್ನು ಆಳುವ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ರಾಟ್ಜೆನ್‌ಬರ್ಗರ್ ಅಂತ್ಯಕ್ರಿಯೆಗೆಂದು ಸಾಲ್ಜ್‌ಬರ್ಗ್‌ಗೆ ಹೋದರು. ಎಲ್ಲರೂ ಸೆನ್ನಾ ಅಂತ್ಯಕ್ರಿಯೆಗೆ ಹೋಗಿದ್ದರು, ರೋಲಂಡ್‌ಗೆ ಯಾರಾದರೂ ಹೋಗಬೇಕಲ್ಲ ಎನ್ನುವುದು ಅವರ ಕಾರಣ. ಮೋಸ್ಲಿ ಬಗ್ಗೆ ನನಗೆ ಬೇರೆ ತಕರಾರುಗಳಿವೆ. ಈ ಒಂದು ಕೆಲಸಕ್ಕೆ ಮಾತ್ರ ಗೌರವವಿದೆ.

ಎರಡು ವಾರದ ನಂತರ ಮೊನಾಕೊ. ಕಾರುಗಳು ಹೊರಡಲು ನಿಲ್ಲುವ ಗ್ರಿಡ್‌ನ ಮೊದಲ ಸಾಲು ಖಾಲಿ ಬಿಟ್ಟರು, ಇಬ್ಬರ ಹೆಸರಿನಲ್ಲಿ. ಶುಮಾಕರ್ ಬದುಕಿನ ಮೊದಲ ಪೋಲ್ ಪೊಸಿಷನ್ ಬಂದದ್ದು ಅಲ್ಲಿ. ಎದುರಿಗೆ ಖಾಲಿ ಸಾಲು ಇಟ್ಟುಕೊಂಡು ಹೊರಟು ಗೆದ್ದರು. ಆ ದಿನ ಟ್ರ್ಯಾಕಿನ ಮೇಲೆ ವಿಶ್ವ ಚಾಂಪಿಯನ್ ಎನ್ನುವವರು ಒಬ್ಬರೂ ಇರಲಿಲ್ಲ. ಅದೇ ವಾರಾಂತ್ಯದಲ್ಲಿ ಚಾಲಕ ಕಾರ್ಲ್ ವೆಂಡ್ಲಿಂಗರ್ ಅಪಘಾತವಾಗಿ ಕೋಮಾಗೆ ಹೋಗಿದ್ದರು. ಚಾಲಕರೆಲ್ಲ ಸೇರಿ ಬಹಳ ಹಿಂದೆ ನಿಂತುಹೋಗಿದ್ದ ತಮ್ಮ ಸಂಘಕ್ಕೆ ಮತ್ತೆ ಜೀವ ಕೊಟ್ಟರು. ಮಾಜಿ ಚಾಂಪಿಯನ್ ನಿಕಿ ಲೌಡಾ ಜೊತೆಗಿದ್ದರು. ಮುಂದಾಳುಗಳಾಗಿ ಗೆರ್ಹಾರ್ಡ್ ಬರ್ಗರ್, ಕ್ರಿಶ್ಚಿಯನ್ ಫಿಟ್ಟಿಪಾಲ್ಡಿ, ಮತ್ತು 25ರ ಶುಮಾಕರ್. ಇಮೊಲಾದಲ್ಲಿ ಸೆನ್ನಾ ಆ ಭಾನುವಾರ ಬೆಳಿಗ್ಗೆ ಚರ್ಚಿಸಿದ್ದೂ ಇದನ್ನೇ. ಹಳಬರಿಂದ ಹೊಸಬರ ಕೈಗೆ ನಿಜವಾಗಿ ಬಂದದ್ದು ಈ ಜವಾಬ್ದಾರಿ. ಪಟ್ಟದ ಮಾತು ಆಮೇಲೆ.

ಅಂಕಪಟ್ಟಿಯಲ್ಲಿ ಆಗ ಶುಮಾಕರ್ 40, ಹಿಲ್ 7. ಸೀಸನ್ ಮುಗಿದಂತೆಯೇ.

ಹಿಲ್ ಅವರ ಅಪ್ಪ ಗ್ರಹಾಂ ಹಿಲ್ ಎರಡು ಸಲದ ಚಾಂಪಿಯನ್. 1968ರಲ್ಲಿ ಲೋಟಸ್ ತಂಡದ ಜಿಮ್ ಕ್ಲಾರ್ಕ್ ಸತ್ತಾಗ, ಕುಸಿದು ಕೂತ ತಂಡವನ್ನು ಎತ್ತಿ ನಿಲ್ಲಿಸಿದವರು ಅವರು. ಸ್ಪೇನ್‌ನಲ್ಲಿ ಗೆದ್ದು, ಆ ವರ್ಷ ಪಟ್ಟವನ್ನೂ ಗೆದ್ದರು. 1975ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಡೇಮನ್‌ಗೆ ಆಗ 15. ಮನೆಯ ಹಣಕಾಸು ಕುಸಿಯಿತು. ಲಂಡನ್ನಿನಲ್ಲಿ ಬೈಕ್ ಮೇಲೆ ಕೊರಿಯರ್ ಕೆಲಸ ಮಾಡುತ್ತ ರೇಸಿಂಗ್ ಕಲಿತ ಹುಡುಗ ಡೇಮನ್. 1994ರ ಮೇ 29ರಂದು, ಸೆನ್ನಾ ಇಲ್ಲದ ವಿಲಿಯಮ್ಸ್‌ಗೆ ಮೊದಲ ಗೆಲುವು ತಂದುಕೊಟ್ಟರು. ಎಲ್ಲಿ? ಸ್ಪೇನ್‌ನಲ್ಲಿ. ಅಪ್ಪ ಗೆದ್ದದ್ದು ಹರಾಮಾ ಟ್ರ್ಯಾಕಿನಲ್ಲಿ, ಮಗ ಗೆದ್ದದ್ದು ಬಾರ್ಸಿಲೋನಾದಲ್ಲಿ. ಅಷ್ಟೇ ವ್ಯತ್ಯಾಸ. ಅದೇ ರೇಸ್‌ನಲ್ಲಿ ಶುಮಾಕರ್ ಕಾರಿನ ಗೇರ್ ಐದರಲ್ಲೇ ಸಿಕ್ಕಿಹಾಕಿಕೊಂಡಿತ್ತು. ಆ ಒಂದೇ ಗೇರಿನಲ್ಲಿ ಓಡಿಸಿ, ಪಿಟ್‌ಗೂ ಬಂದು ಹೋಗಿ ಎರಡನೆಯವರಾದರು. ಇಂಥದ್ದನ್ನು ನೋಡಿದರೆ ಪ್ರತಿಭೆಯ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ಬೇಸಿಗೆಯ ತಿಂಗಳುಗಳಲ್ಲಿ ರೇಸ್‌ಗಿಂತ ವಿಚಾರಣೆಗಳೇ ಜಾಸ್ತಿ. ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಶುಮಾಕರ್, ಯಾರನ್ನೂ ದಾಟಬಾರದ ಫಾರ್ಮೇಶನ್ ಲ್ಯಾಪಿನಲ್ಲಿ, ರೇಸ್ ಶುರುವಾಗುವ ಮೊದಲೇ, ಹಿಲ್ ಅವರನ್ನು ದಾಟಿದರು, ರೇಸ್ ಬಿಟ್ಟು ಬಾ ಎನ್ನುವ ಕಪ್ಪು ಬಾವುಟ ತೋರಿಸಿದರೂ ನಿಲ್ಲಲಿಲ್ಲ. ಅಂಕವೂ ಹೋಯಿತು, ಎರಡು ರೇಸ್ ನಿಷೇಧವೂ ಬಂತು. ಅಪ್ಪನಿಗೆ ಎಂದೂ ದಕ್ಕದ ಬ್ರಿಟಿಷ್ ಗ್ರಾನ್ ಪ್ರೀಯನ್ನು ಹಿಲ್ ಗೆದ್ದರು. ಹಾಕೆನ್‌ಹೈಮ್‌ನಲ್ಲಿ ಪೆಟ್ರೋಲ್ ತುಂಬಿಸುವಾಗ ಬೆನೆಟನ್‌ನ ಎರಡನೇ ಕಾರು ಬೆಂಕಿಯ ಉಂಡೆಯಾಯಿತು. ಒಳಗಿದ್ದ 22ರ ಯೋಸ್ ವರ್ಸ್ಟಾಪೆನ್ ಹೆಚ್ಚಿನ ಗಾಯವಿಲ್ಲದೆ ಪಾರಾದರು. ಮುಂದೆ ನಾಲ್ಕು ಸಲ ಚಾಂಪಿಯನ್ ಆದ ಮ್ಯಾಕ್ಸ್ ಅವರ ಅಪ್ಪ ಇವರೇ. ಸ್ಪಾದಲ್ಲಿ ಇಮೊಲಾದಲ್ಲಿ ಬದುಕುಳಿದಿದ್ದ ಬಾರಿಕೆಲ್ಲೋ ಪೋಲ್ ಪಡೆದರು, ಆ ಕಾಲಕ್ಕೆ ಅತಿ ಕಿರಿಯರು. ಶುಮಾಕರ್ ಗೆದ್ದರು. ಆದರೆ ಕಾರಿನಡಿಯ ಹಲಗೆ ನಿಯಮ ಮೀರಿ ಸವೆದಿತ್ತು ಎಂದು ಆ ಗೆಲುವನ್ನೂ ಕಿತ್ತುಕೊಂಡರು. ನಿಷೇಧದ ಎರಡು ರೇಸ್‌ಗಳನ್ನು, ಮೊಂಜಾ ಮತ್ತು ಎಸ್ಟೊರಿಲ್, ಹಿಲ್ ಗೆದ್ದರು. ಅಂಕ ಈಗ ಶುಮಾಕರ್ 76, ಹಿಲ್ 75.

ಸುಝುಕಾದ ಮಳೆಯಲ್ಲಿ ಹಿಲ್ ಓಡಿಸಿದ ರೇಸ್ ಅವರ ಜೀವಮಾನದ ರೇಸ್. ಮಳೆಯಿಂದ ಎರಡು ಭಾಗವಾದ ಆ ರೇಸ್‌ನ ಒಟ್ಟು ಸಮಯದಲ್ಲಿ ಶುಮಾಕರ್ ಅವರನ್ನು ಮೂರು ಸೆಕೆಂಡಿನ ಆಸುಪಾಸಿನಲ್ಲಿ ಸೋಲಿಸಿದರು. ಕೊನೆಯ ರೇಸ್‌ಗೆ ಅಡಿಲೇಡ್‌ಗೆ ಬರುವಾಗ ಶುಮಾಕರ್ 92, ಹಿಲ್ 91. 36ನೇ ಲ್ಯಾಪಿನಲ್ಲಿ ಮುಂದಿದ್ದ ಶುಮಾಕರ್ ಟ್ರ್ಯಾಕ್ ಬಿಟ್ಟು ಗೋಡೆಗೆ ತಾಗಿದರು. ಮತ್ತೆ ಒಳಗೆ ಬಂದರು. ಹಿಲ್ ಮುಂದಿನ ತಿರುವಿನಲ್ಲಿ ಒಳಬದಿಗೆ ಮೂತಿ ತೂರಿಸಿದರು. ಶುಮಾಕರ್ ತಿರುಗಿಸಿದರು. ಬೆನೆಟನ್ ಎರಡೇ ಚಕ್ರದ ಮೇಲೆ ಎದ್ದು ಹೋಗಿ ನಿಂತಿತು. ಹಿಲ್ ಪಿಟ್‌ವರೆಗೂ ಬಂದರು, ಮುಂದಿನ ಎಡಗಡೆಯ ಸಸ್ಪೆನ್ಷನ್ ಬಾಗಿತ್ತು. ಅಲ್ಲಿಗೆ ಮುಗಿಯಿತು. ಶುಮಾಕರ್ ಚಾಂಪಿಯನ್, ಒಂದೇ ಅಂಕದಿಂದ.

ನಾನು ಶುಮಾಕರ್ ಅಭಿಮಾನಿ. ಆದರೂ ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ಅದು ಬೇಕಂತಲೇ ಮಾಡಿದ್ದು ಅಂತಲೇ ಕಾಣುತ್ತದೆ. 1997ರಲ್ಲಿ ಹೆರೆಸ್‌ನಲ್ಲಿ ಜಾಕ್ ವಿಲ್ನೋವ್ ಮೇಲೆ ಹೀಗೇ ಮಾಡಿದಾಗ ಇಡೀ ಸೀಸನ್ನಿನ ಪಟ್ಟಿಯಿಂದಲೇ ಅವರನ್ನು ತೆಗೆದುಹಾಕಿದರು. ಆದರೆ ಇದನ್ನು ಅವರೇ ಕಂಡುಹಿಡಿದರೇ? 1990ರಲ್ಲಿ ಸುಝುಕಾದ ಮೊದಲ ತಿರುವಿನಲ್ಲಿ ಸೆನ್ನಾ ಪ್ರಾಸ್ಟ್ ಅವರ ಕಾರಿಗೆ ಗುದ್ದಿ ಪಟ್ಟ ಗೆದ್ದರು. ಮರುವರ್ಷ ಅದನ್ನು ಒಪ್ಪಿಕೊಂಡರು ಕೂಡ. ಅದಕ್ಕೂ ಹಿಂದಿನ ವರ್ಷ ಅದೇ ಟ್ರ್ಯಾಕಿನಲ್ಲಿ ಇಬ್ಬರೂ ಡಿಕ್ಕಿಯಾಗಿ, ಪಟ್ಟ ಪ್ರಾಸ್ಟ್ ಪಾಲಾಗಿತ್ತು. ಕಾರ್ಟಿಂಗ್ ಮಾಡುತ್ತ ಬೆಳೆದ ಹುಡುಗರು ಇದನ್ನೆಲ್ಲ ನೋಡಿದ್ದರು. ಗೆಲ್ಲಲು ಹೀಗೂ ಮಾಡಬಹುದು ಎಂಬುದನ್ನೂ ಹಳಬರಿಂದಲೇ ಕಲಿತರು. ಸೆನ್ನಾ ಸತ್ತ ಮೇಲೆ ಅವರನ್ನು ದೇವರು ಮಾಡಿ, ಶುಮಾಕರ್ ಅವರನ್ನು ಮಾತ್ರ ಖಳನನ್ನಾಗಿ ಮಾಡುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಅಡಿಲೇಡ್ ರೇಸ್ ಗೆದ್ದವರು ಮ್ಯಾನ್ಸೆಲ್. ಅಮೆರಿಕದಿಂದ ಕೆಲವು ರೇಸ್‌ಗಳಿಗೆ ವಾಪಸ್ ಕರೆಸಿದ್ದರು. ವಯಸ್ಸು 41. ಆದರೂ ಮರುವರ್ಷಕ್ಕೆ ವಿಲಿಯಮ್ಸ್ ಆರಿಸಿದ್ದು 23ರ ಡೇವಿಡ್ ಕೂಲ್ಥಾರ್ಡ್ ಅವರನ್ನು. ಸರಿಯಾದ ತೀರ್ಮಾನ.

ಅಂದು ಪಟ್ಟವನ್ನು ಶುಮಾಕರ್ ಸೆನ್ನಾ ಅವರಿಗೆ ಅರ್ಪಿಸಿದರು. ಈ ಪಟ್ಟವನ್ನು ಗೆಲ್ಲಬೇಕಿದ್ದವರು ಅವರೇ ಎಂದರು. ಅದು ಸುಮ್ನೆ ಬಾಯಿಮಾತಲ್ಲ ಅಂತ ನನಗೆ ಖಾತ್ರಿಯಾದದ್ದು 2000ದ ಮೊಂಜಾ ನೋಡಿದ ಮೇಲೆ. ಅಂದು ಶುಮಾಕರ್ 41ನೇ ರೇಸ್ ಗೆದ್ದರು. ಸೆನ್ನಾ ಗೆದ್ದದ್ದೂ 41. ಪತ್ರಿಕಾಗೋಷ್ಠಿಯಲ್ಲಿ ಅದರ ಬಗ್ಗೆ ಕೇಳಿದರು. ಉತ್ತರ ಅರ್ಧಕ್ಕೇ ನಿಂತಿತು, ಶುಮಾಕರ್ ತಲೆ ಬಗ್ಗಿಸಿ ಬಿಕ್ಕಿ ಬಿಕ್ಕಿ ಅತ್ತರು. ಪಕ್ಕದಲ್ಲಿದ್ದ ಹಕ್ಕಿನೆನ್ ಅವರ ಹೆಗಲ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ಬಿಡಿ ಎಂದು ಕೇಳಿಕೊಂಡರು. ಅಂದು ಅದೇ ಟ್ರ್ಯಾಕಿನಲ್ಲಿ ಒಬ್ಬ ಮಾರ್ಷಲ್ ಕೂಡ ಸತ್ತಿದ್ದರು. ಶುಮಾಕರ್ ಎಂದರೆ ಕಲ್ಲೆದೆಯ ಮನುಷ್ಯ ಅಂತ ಎಲ್ಲರೂ ಕರೆಯುತ್ತಿದ್ದವರು. ಆರು ವರ್ಷ ಹೊತ್ತು ತಿರುಗಿದ್ದು ಅಂದು ಹೊರಗೆ ಬಂತು.

ಆ ಪೀಳಿಗೆ ಮಾಡಿದ ಕೆಲಸ ದೊಡ್ಡದು. ತಂಬುರೆಲ್ಲೊ ಮರುವರ್ಷವೇ ನಿಧಾನದ ತಿರುವಾಯಿತು. 1996ರಿಂದ ಕಾಕ್‌ಪಿಟ್‌ನಲ್ಲಿ ತಲೆಯ ಸುತ್ತ ದಪ್ಪ ಮೆತ್ತೆ ಬಂತು. 2003ರಿಂದ ಕತ್ತು ಕಾಯುವ ಹ್ಯಾನ್ಸ್ ಪಟ್ಟಿ ಕಡ್ಡಾಯವಾಯಿತು. ಶುಮಾಕರ್ ವರ್ಷಗಟ್ಟಲೆ ಚಾಲಕರ ಸಂಘದ ಮುಂದಾಳಾಗಿದ್ದು ಇದಕ್ಕಾಗಿ ಓಡಾಡಿದರು. 2014ರಲ್ಲಿ ಸುಝುಕಾದಲ್ಲಿ ಜೂಲ್ಸ್ ಬಿಯಾಂಕಿ ಅವರಿಗೆ ಅಪಘಾತವಾಗುವವರೆಗೆ, ಇಪ್ಪತ್ತು ವರ್ಷ, ಗ್ರಾನ್ ಪ್ರೀಯಲ್ಲಿ ಯಾವ ಚಾಲಕರಿಗೂ ಜೀವ ಹೋಗುವ ಅಪಘಾತ ಆಗಲಿಲ್ಲ. ಹಿಲ್ 1996ರಲ್ಲಿ ಪಟ್ಟ ಗೆದ್ದರು. ಚಾಂಪಿಯನ್ನನ ಮಗ ಚಾಂಪಿಯನ್ ಆದದ್ದು ಅದೇ ಮೊದಲು.

ಬಾಕಿ ಉಳಿದಿತ್ತು ಅಂದೆನಲ್ಲ, ಅದನ್ನು ನಾನು ನೇರವಾಗಿ ನೋಡಿದ್ದು 2005ರ ಏಪ್ರಿಲ್‌ನಲ್ಲಿ. ಅದೂ ಇಮೊಲಾದಲ್ಲೇ. ಈಗ ಶುಮಾಕರ್ ಹಳಬರು, ಏಳು ಪಟ್ಟ ಗೆದ್ದ 36ರ ಹರೆಯದವರು. ಮುಂದೆ 23ರ ಫರ್ನಾಂಡೊ ಅಲೊನ್ಸೊ. ಫೆರಾರಿ ಸ್ಪಷ್ಟವಾಗಿ ವೇಗದ್ದು. ಗ್ರಿಡ್‌ನಲ್ಲಿ ಹದಿಮೂರನೇ ಸ್ಥಾನದಿಂದ ಹೊರಟು ಬಂದ ಶುಮಾಕರ್ ಕೊನೆಯ ಹತ್ತಕ್ಕೂ ಹೆಚ್ಚು ಲ್ಯಾಪ್ ಅಲೊನ್ಸೊ ಬಾಲಕ್ಕೇ ಅಂಟಿಕೊಂಡರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹುಡುಗ ಪ್ರತಿ ತಿರುವಿನಲ್ಲೂ ಎಲ್ಲಿ ಬೇಕೋ ಅಲ್ಲೇ ಕಾರು ನಿಲ್ಲಿಸಿ ದಾರಿ ಮುಚ್ಚಿದ. ಒಂದು ಸಲವೂ ತಪ್ಪಲಿಲ್ಲ, ಒಂದು ಸಲವೂ ಗುದ್ದಾಟವಾಗಲಿಲ್ಲ. 0.215 ಸೆಕೆಂಡಿನಲ್ಲಿ ಅಲೊನ್ಸೊ ಗೆದ್ದರು. ನನ್ನ ಶುಮಾಕರ್ ಸೋತರು, ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆ ವರ್ಷದ ಪಟ್ಟ ಅಲೊನ್ಸೊ ಪಾಲಾಯಿತು.

ಅದಾದ ಮರುವರ್ಷ, ಇಮೊಲಾಕ್ಕೆ ಹತ್ತಿರದ ಬೊಲೊನ್ಯಾದಲ್ಲಿ ಕಿಮಿ ಆಂಟೊನೆಲ್ಲಿ ಹುಟ್ಟಿದರು. 2025ರಲ್ಲಿ ಮರ್ಸಿಡಿಸ್ ತಂಡಕ್ಕೆ ಬಂದಾಗ ಅವರಿಗೆ 18. ಕಾರಿನ ಮೇಲೆ ಹನ್ನೆರಡನೇ ನಂಬರ್, 1988ರಲ್ಲಿ ಸೆನ್ನಾ ಮೊದಲ ಪಟ್ಟ ಗೆದ್ದಾಗ ಇದ್ದ ನಂಬರ್. ಅದೇ ಗ್ರಿಡ್‌ನಲ್ಲಿ ಅಲೊನ್ಸೊ ಇನ್ನೂ ಇದ್ದರು. ಇಬ್ಬರ ಕಾರುಗಳು ಅಕ್ಕಪಕ್ಕ ಬಂದಾಗಲೆಲ್ಲ ನಾನು ಟಿವಿಗೆ ಹತ್ತಿರ ಸರಿದು ಕೂರುತ್ತೇನೆ.